ಒರೆಸಿದರೂ ಅಂಟುವ ಅಡುಗೆಮನೆ ನೆಲ: ದೋಷ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಹೇಗೆ

ಬೆಳಿಗ್ಗೆ ಒರೆಸಿದ ನೆಲ ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಾಲಿಗೆ ಅಂಟುತ್ತದೆ. ಒದ್ದೆ ಇದ್ದಾಗ ಫಳಫಳ ಹೊಳೆಯುವ ಟೈಲ್ಸ್ ಒಣಗಿದ ಮೇಲೆ ಮಂಕಾಗುತ್ತದೆ. ಎಷ್ಟು ಉಜ್ಜಿದರೂ ಸಂದಿನ ಕಪ್ಪು ಹೋಗುವುದಿಲ್ಲ. ಆಗ ನಾವೆಲ್ಲ ಮಾಡುವ ಕೆಲಸ ಒಂದೇ: ಅಂಗಡಿಗೆ ಹೋಗಿ ಇನ್ನೂ ಸ್ಟ್ರಾಂಗ್ ಆದ ಬಾಟಲಿ ತರುವುದು.

ದಯವಿಟ್ಟು ಒಂದು ದಿನ ತಡೆಯಿರಿ. ನೆಲದ ಮೇಲೆ ಕೂತಿರುವುದು ಏನು ಅಂತ ಗೊತ್ತಾಗುವ ತನಕ ಯಾವ ಬಾಟಲಿಯೂ ಬೇಡ. ಎಣ್ಣೆ ಜಿಡ್ಡಿಗೆ ಸೋಡ ಬೇಕು, ಗಡಸು ನೀರಿನ ಬಿಳುಪಿಗೆ ಹುಳಿ ಬೇಕು. ಒಂದರ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಸಾಕಷ್ಟು ಮನೆಗಳಲ್ಲಿ ಎರಡೂ ಅಲ್ಲ, ನಾವೇ ಸುರಿದ ಕ್ಲೀನರ್ ನೆಲದ ಮೇಲೆ ಉಳಿದುಬಿಟ್ಟಿರುತ್ತದೆ. ಅಲ್ಲಿ ಇನ್ನಷ್ಟು ಕ್ಲೀನರ್ ಸುರಿದರೆ ದೋಷ ಜಾಸ್ತಿಯೇ ಆಗುತ್ತದೆ.

ಮೊದಲು ನೆಲ ಯಾವುದು ನೋಡಿ

ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆ ಹಳೇ ಮನೆಗಳಲ್ಲಿ ಇವತ್ತಿಗೂ ಕೆಂಪು ರೆಡ್ ಆಕ್ಸೈಡ್ ನೆಲ ಸಿಗುತ್ತದೆ. ಅದರ ನಂತರದ ಮನೆಗಳಲ್ಲಿ ಮೊಸಾಯಿಕ್, ಆಮೇಲೆ ಗ್ರಾನೈಟ್, ಈಗಿನ ಬಡಾವಣೆಗಳಲ್ಲಿ ವಿಟ್ರಿಫೈಡ್ ಟೈಲ್ಸ್. ಮಂಡ್ಯದ ಸುತ್ತಮುತ್ತ ಹಳ್ಳಿ ಮನೆಗಳಲ್ಲಿ ಸಿಮೆಂಟ್ ನೆಲ, ಕಲ್ಲು ಚಪ್ಪಡಿ ಕೂಡ ಇವೆ.

ಇವನ್ನು ಎರಡು ಗುಂಪು ಮಾಡಿಕೊಂಡರೆ ಸಾಕು. ರೆಡ್ ಆಕ್ಸೈಡ್, ಸಿಮೆಂಟ್, ಮೊಸಾಯಿಕ್, ಮಾರ್ಬಲ್, ಕಡಪ ಕಲ್ಲು ಒಂದು ಗುಂಪು. ಇವುಗಳಲ್ಲಿ ಸುಣ್ಣದ ಅಂಶ ಇದೆ, ಹುಳಿ ಬಿದ್ದರೆ ಮೇಲ್ಮೈ ಕರಗುತ್ತದೆ. ಟಾಯ್ಲೆಟ್‌ಗೆ ಹಾಕುವ ಆ್ಯಸಿಡ್ ಬಿಡಿ, ನಿಂಬೆರಸ, ವಿನೆಗರ್, ಹುಣಸೆನೀರು ಕೂಡ ಇವಕ್ಕೆ ಆಗಿಬರುವುದಿಲ್ಲ. ಗ್ರಾನೈಟ್, ಸೆರಾಮಿಕ್, ವಿಟ್ರಿಫೈಡ್ ಇನ್ನೊಂದು ಗುಂಪು. ಇವು ಸ್ವಲ್ಪ ಹುಳಿ ತಡೆದುಕೊಳ್ಳುತ್ತವೆ. ಆದರೆ ಟೈಲ್ಸ್ ನಡುವಿನ ಸಂದಿನಲ್ಲಿರುವುದು ಸಿಮೆಂಟ್ ಅನ್ನುವುದನ್ನು ಮರೆಯಬಾರದು.

ಬಾಡಿಗೆ ಮನೆ, ಕಲ್ಲು ಯಾವುದು ಅಂತ ಗೊತ್ತಿಲ್ಲ ಅಂದರೆ, ಸಿಲಿಂಡರ್ ಇಡುವ ಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದೇ ಒಂದು ಹನಿ ನಿಂಬೆರಸ ಬಿಡಿ. ಎರಡು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಒಣಗಿದ ಮೇಲೆ ಅಲ್ಲಿ ಮಂಕು ಚುಕ್ಕೆ ಉಳಿದರೆ, ಆ ನೆಲ ಮೊದಲ ಗುಂಪಿನದು. ಅಲ್ಲಿಗೆ ಹುಳಿಯ ಮಾತು ಮುಗಿಯಿತು.

ಕೊಳೆ ಎಲ್ಲಿ ಕೂತಿದೆ?

ಇಡೀ ಅಡುಗೆಮನೆ ಒಂದೇ ಸಮ ಅಂಟುತ್ತಿದೆಯಾ, ಇಲ್ಲ ಕೆಲವು ಕಡೆ ಮಾತ್ರವಾ? ಬರಿಗಾಲಲ್ಲಿ ನಿಧಾನವಾಗಿ ನಡೆದು ನೋಡಿ. ಕಣ್ಣಿಗಿಂತ ಅಂಗಾಲು ಚೆನ್ನಾಗಿ ಹೇಳುತ್ತದೆ.

ಒಲೆಯ ಮುಂದೆ ಎರಡು ಹೆಜ್ಜೆ ಜಾಗದಲ್ಲಿ ಮಾತ್ರ ಅಂಟಿದರೆ ಅದು ಎಣ್ಣೆ. ಒಗ್ಗರಣೆ ಸಿಡಿದಾಗ, ಪೂರಿ, ವಡೆ ಕರಿದಾಗ ಏಳುವ ಎಣ್ಣೆಯ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಕೂರುತ್ತವೆ. ಅನುಮಾನ ಇದ್ದರೆ ಫ್ರಿಜ್ ತಲೆಯ ಮೇಲೆ ಬೆರಳಾಡಿಸಿ. ಹಳದಿ ಬಣ್ಣದ, ಧೂಳು ಮೆತ್ತಿದ ಅಂಟು ಬೆರಳಿಗೆ ಬಂದರೆ ಅದೇ ಎಣ್ಣೆ ನಿಮ್ಮ ನೆಲದ ಮೇಲೂ ಇದೆ. ಎಗ್ಸಾಸ್ಟ್ ಫ್ಯಾನಿನ ರೆಕ್ಕೆಯನ್ನೂ ಒಮ್ಮೆ ನೋಡಿ. ಅದು ಜಿಡ್ಡು ಕಟ್ಟಿ ನಿಧಾನವಾಗಿ ತಿರುಗುತ್ತಿದ್ದರೆ, ನೆಲಕ್ಕೆ ಏನು ಹಾಕಿದರೂ ನಾಳೆ ಮತ್ತೆ ಅಂಟುತ್ತದೆ. ಫ್ಯಾನ್ ತೊಳೆಯುವುದೇ ಅಲ್ಲಿ ಮೊದಲ ಕೆಲಸ.

ಗೋಡೆಯಿಂದ ಗೋಡೆಗೆ ಒಂದೇ ಸಮ ಅಂಟಿದರೆ ಅಥವಾ ಮಂಕಿದ್ದರೆ, ದೋಷ ಬಕೆಟ್ಟಿನಲ್ಲಿದೆ. ಎಣ್ಣೆ ಯಾವತ್ತೂ ಬಾಗಿಲ ಮೂಲೆಗೂ ಒಲೆಯ ಮುಂದಕ್ಕೂ ಸಮನಾಗಿ ಬೀಳುವುದಿಲ್ಲ. ಸಮನಾಗಿ ಎಲ್ಲ ಕಡೆ ಮುಟ್ಟುವುದು ಒರೆಸುವ ಬಟ್ಟೆ ಒಂದೇ.

ಸಿಂಕಿನ ಕೆಳಗೆ, ನೀರು ಫಿಲ್ಟರ್ ಇರುವ ಗೋಡೆಯ ಬುಡದಲ್ಲಿ ಬಿಳಿ ಹರಳು ಕಟ್ಟಿದ್ದರೆ ಎಲ್ಲೋ ನೀರು ತೊಟ್ಟಿಕ್ಕುತ್ತಿದೆ. ಹಿಟ್ಟಿನ ಡಬ್ಬಿ, ಬೆಲ್ಲದ ಡಬ್ಬಿ ಇಡುವ ಕಡೆ ಅಂಟಿದರೆ ಕಾರಣ ಹೇಳಬೇಕಾಗಿಲ್ಲ.

ಅಂಟಿನ ಪರೀಕ್ಷೆ

ಅಂಟು ನಾಲ್ಕು ಥರ: ಎಣ್ಣೆ, ಸಕ್ಕರೆ, ಹಿಟ್ಟು, ಉಳಿದ ಸೋಪು. ಅಂಟುವ ಜಾಗದಲ್ಲಿ ಅಂಗೈಯಗಲ ಸಾಕು. ಹೊಸ ಬಿಳಿ ಬಟ್ಟೆ ತಗೊಳ್ಳಿ. ಹಳೇ ಪಂಚೆಯ ತುಂಡಾದರೂ ಆದೀತು, ಆದರೆ ಅದರಲ್ಲಿ ಸೋಪಿನ ಪಸೆ ಇರಬಾರದು. ನಾಲ್ಕು ಸಲ ಬರೀ ನೀರಿನಲ್ಲಿ ಜಾಲಿಸಿಕೊಳ್ಳಿ.

ಮೊದಲು ಆ ಜಾಗಕ್ಕೆ ಎರಡು ಹನಿ ನೀರು ಬಿಡಿ, ಬಗ್ಗಿ ನೋಡಿ. ನೀರು ಹರಡದೆ ಮುತ್ತಿನ ಹಾಗೆ ಗುಂಡಗೆ ನಿಂತರೆ ಕೆಳಗೆ ಎಣ್ಣೆ ಇದೆ. ಹರಡಿದರೆ, ಉಗುರುಬೆಚ್ಚಗಿನ ಬರೀ ನೀರಿನಲ್ಲಿ ಬಟ್ಟೆ ಅದ್ದಿ ಹತ್ತು ಸಲ ಉಜ್ಜಿ. ಆಮೇಲೆ ಆ ಬಟ್ಟೆಯನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಹಿಂಡಿ, ಬೆರಳಿಂದ ಜೋರಾಗಿ ಕಲಕಿ. ನೊರೆ ಬಂತಾ? ನೀವು ನೀರು ಬಿಟ್ಟು ಬೇರೇನೂ ಹಾಕಿಲ್ಲ. ಆ ನೊರೆ ನೆಲದಿಂದಲೇ ಬಂದದ್ದು, ಹಿಂದಿನ ಒರೆಸುವಿಕೆಗಳಲ್ಲಿ ಉಳಿದ ಕ್ಲೀನರ್. ನೊರೆ ಬರದೆ ಅಂಟು ಮಾತ್ರ ಹೋದರೆ ಅದು ಸಕ್ಕರೆ, ಬೆಲ್ಲ ಅಥವಾ ಚೆಲ್ಲಿದ ಕಾಫಿ. ಅಂಟು ಹೋಗುವ ಬದಲು ಇನ್ನಷ್ಟು ಲೋಳೆಯಾಗಿ ಎಳೆಯ ಹಾಗೆ ಬಂದರೆ ಹಿಟ್ಟು ಅಥವಾ ಗಂಜಿ.

ಉಳಿದ ಸೋಪಿನ ದೋಷ ನಾನು ಕಂಡಿರುವಷ್ಟು ಮನೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಕುವೆಂಪುನಗರದ ಗೆಳತಿಯ ಮನೆಯಲ್ಲಿ ಈ ಪರೀಕ್ಷೆ ಮಾಡಿದಾಗ ಲೋಟದ ತುಂಬ ನೊರೆ ಎದ್ದಿತ್ತು. ಒರೆಸಿದ ಅಂಗೈಯಗಲ ಜಾಗ ಸುತ್ತಲಿನ ಟೈಲ್ಸ್‌ಗಿಂತ ಬೇರೆಯೇ ಬಣ್ಣಕ್ಕೆ ತಿರುಗಿತ್ತು. ಎಷ್ಟು ಹಾಕ್ತೀರಿ ಅಂತ ಮನೆಕೆಲಸದಾಕೆಯನ್ನು ಕೇಳಿದೆ. "ಮುಚ್ಚಳದಲ್ಲಿ ಒಂದು ಹಾಕಿದ್ರೆ ವಾಸ್ನೇನೇ ಬರಲ್ಲ ಅಕ್ಕ, ಒರೆಸೇ ಇಲ್ಲ ಅಂತಾರೆ. ಅದಕ್ಕೇ ಮೂರು ನಾಲ್ಕು ಹಾಕ್ತೀನಿ" ಅಂದರು. ಅವರ ತಪ್ಪು ಖಂಡಿತ ಅಲ್ಲ. ವಾಸನೆ ಬಂದರೇನೇ ನೆಲ ಕ್ಲೀನ್ ಅಂತ ನಾವು ನಂಬಿಕೊಂಡಿದ್ದೇವೆ, ಅಲ್ವಾ? ಕ್ಲೀನಾದ ನೆಲಕ್ಕೆ ಯಾವ ವಾಸನೆಯೂ ಇರಬೇಕಾಗಿಲ್ಲ. ಮನೆಗೆಲಸದವರಿಗೆ ಇದನ್ನು ಬಾಯಿಬಿಟ್ಟು ಹೇಳಿ, "ವಾಸನೆ ಬರದಿದ್ದರೂ ಪರವಾಗಿಲ್ಲ" ಅಂತ.

ಬಿಳಿ ಫಿನೈಲಿನಲ್ಲಿ ಎಣ್ಣೆಯಂಥ ಅಂಶ, ಸೋಪು ಎರಡೂ ಇರುತ್ತವೆ. ನೀರಿಗೆ ಹಾಕಿದ ಕೂಡಲೇ ಹಾಲಿನ ಬಣ್ಣ ಬರುವುದು ಅದಕ್ಕೇ. ನೀರು ಆರಿಹೋಗುತ್ತದೆ, ಇವು ಉಳಿಯುತ್ತವೆ. ಉಳಿದ ಪಸೆಗೆ ಧೂಳು ಹಿಡಿಯುತ್ತದೆ, ಧೂಳಿನ ಮೇಲೆ ನಾಳೆಯ ಫಿನೈಲ್ ಕೂರುತ್ತದೆ.

ಇದಕ್ಕೆ ಮದ್ದು ಬರೀ ನೀರು, ದುಡ್ಡಿನ ಖರ್ಚೇ ಇಲ್ಲ. ಒಂದು ಭಾನುವಾರ ಬಿಸಿನೀರಿನಲ್ಲಿ, ಏನೂ ಬೆರೆಸದೆ, ಇಡೀ ಅಡುಗೆಮನೆ ಒರೆಸಿ. ನೀರು ಕಲಕಾದ ಕೂಡಲೇ ಚೆಲ್ಲಿ ಹೊಸದು ತಗೊಳ್ಳಿ. ಬಟ್ಟೆ ಹಿಂಡಿದಾಗ ನೊರೆ ಬರುವುದು ನಿಲ್ಲುವ ತನಕ ಮುಂದುವರಿಸಿ. ಗ್ರಾನೈಟ್ ಮತ್ತು ಟೈಲ್ಸ್ ಆದರೆ ಕೊನೆಯ ಸಲದ ಬಕೆಟ್ಟಿಗೆ ಅರ್ಧ ಲೋಟ ವಿನೆಗರ್ ಹಾಕಿ ಒರೆಸಿ, ಮೇಲೆ ಮತ್ತೊಮ್ಮೆ ಬರೀ ನೀರು. ಅವತ್ತಿಂದ ಬಾಟಲಿ ಮೇಲೆ ಎಷ್ಟು ಅಂತ ಬರೆದಿದ್ದಾರೋ ಅಷ್ಟೇ ಹಾಕಿ.

ಎಣ್ಣೆ ಇದ್ದರೆ ದಾರಿ ಬೇರೆ. ಅಡುಗೆ ಎಣ್ಣೆ ತೆಳುವಾಗಿ ಹರಡಿ ಗಾಳಿಗೆ ಬಿದ್ದರೆ ದಿನ ಕಳೆದ ಹಾಗೆ ಗಟ್ಟಿಯಾಗಿ ವಾರ್ನಿಷ್ ಥರ ಆಗುತ್ತದೆ. ಹೊಸ ಎಣ್ಣೆ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಬಿಡುತ್ತದೆ: ಅರ್ಧ ಬಕೆಟ್ ಬಿಸಿನೀರಿಗೆ ಒಂದು ಚಮಚ ಸಾಕು. ಹಳೇ ಎಣ್ಣೆಗೆ ವಾಷಿಂಗ್ ಸೋಡ ಬೇಕು. ಅಡುಗೆ ಸೋಡ ಅಲ್ಲ, ಬಟ್ಟೆ ಒಗೆಯುವ ಸೋಡ. ದಿನಸಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಕರಗಿಸಿ, ಜಿಡ್ಡಿನ ಜಾಗಕ್ಕೆ ಮಾತ್ರ ಹಚ್ಚಿ, ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷವೇ ಮುಖ್ಯ. ಹಚ್ಚಿದ ಕೂಡಲೇ ಉಜ್ಜಿದರೆ ಕೈ ನೋವಷ್ಟೇ ಬರುತ್ತದೆ. ಆಮೇಲೆ ಬ್ರಷ್ಷಲ್ಲಿ ಉಜ್ಜಿ, ಎರಡು ಸಲ ಬರೀ ನೀರಿನಲ್ಲಿ ಒರೆಸಿ ತೆಗೆಯಿರಿ. ಕೈಗೆ ಗ್ಲೌಸ್ ಇರಲಿ, ಸೋಡ ಚರ್ಮವನ್ನು ಒಣಗಿಸಿಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆ ಹತ್ತಿರ ಇದ್ದರೆ ಎತ್ತಿಡಿ, ಸೋಡಕ್ಕೆ ಅದು ಕಪ್ಪಾಗುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ಸೋಡ ಹಾಕಿದರೆ ಮೇಲಿನ ಪಾಲಿಶ್ ಹೋಗುತ್ತದೆ. ಅಲ್ಲಿಗೆ ಸೀಗೆಪುಡಿ ಅಥವಾ ಅಂಟುವಾಳದ ನೀರು ಸಾಕು. ಅಂಟುವಾಳದ ನೊರೆ ಜಿಡ್ಡು ಎತ್ತುತ್ತದೆ, ನೆಲಕ್ಕೆ ನೋವು ಮಾಡುವುದಿಲ್ಲ. ನಮ್ಮ ಅಜ್ಜಿಯರು ಈ ನೆಲಕ್ಕೆ ಬೇರೇನನ್ನೂ ಮುಟ್ಟಿಸುತ್ತಿರಲಿಲ್ಲ.

ಹಿಟ್ಟು ಚೆಲ್ಲಿದಾಗ ಬಿಸಿನೀರು ಹಾಕಲೇಬೇಡಿ. ಮುದ್ದೆ ತೊಳಸುವ ಮನೆಗಳಲ್ಲಿ ರಾಗಿಹಿಟ್ಟು ನೆಲಕ್ಕೆ ಬೀಳುವುದು ದಿನನಿತ್ಯದ ಮಾತು. ಬಿಸಿನೀರು ಬಿದ್ದರೆ ಅದು ಅಲ್ಲೇ ಬೆಂದು ಅಂಟಾಗುತ್ತದೆ. ಒಣಗಿದ್ದಾಗಲೇ ಪೊರಕೆಯಲ್ಲಿ ಗುಡಿಸಿ, ಉಳಿದದ್ದಕ್ಕೆ ತಣ್ಣೀರು. ಬೆಲ್ಲಕ್ಕೆ ಮಾತ್ರ ಬಿಸಿನೀರು ಒಳ್ಳೆಯದು, ಬೇಗ ಕರಗುತ್ತದೆ.

ಒಣಗಿದ ಮೇಲೆ ಮಂಕು

ಒದ್ದೆ ಇದ್ದಾಗ ಚೆನ್ನಾಗಿ ಕಂಡು, ಒಣಗಿದ ಮೇಲೆ ಬಿಳಿ ಪೊರೆ ಬಂದರೆ ಅನುಮಾನ ನೀರಿನ ಮೇಲೆ ಹೋಗಬೇಕು. ಕಾವೇರಿ ನೀರು ಬರುವ ಮನೆಯಲ್ಲಿ ಈ ದೂರು ಕಡಿಮೆ. ಊರಂಚಿನ ಬಡಾವಣೆಗಳಲ್ಲಿ, ಬೋರ್ ನೀರು ಅಥವಾ ಟ್ಯಾಂಕರ್ ನೀರು ನಂಬಿಕೊಂಡ ಅಪಾರ್ಟ್‌ಮೆಂಟುಗಳಲ್ಲಿ ಜಾಸ್ತಿ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600 ತನಕ ನಡೆಯುತ್ತದೆ ಅಂತ ಇದೆ. ಅಷ್ಟು ಗಡಸು ನೀರಲ್ಲಿ ನೆಲ ಒರೆಸಿ ಹಾಗೇ ಒಣಗಲು ಬಿಟ್ಟರೆ, ನೀರು ಹೋಗಿ ಲವಣ ಉಳಿಯುತ್ತದೆ.

ಮನೆಯಲ್ಲೇ ನೋಡಬೇಕಾ? ಮುಚ್ಚಳ ಇರುವ ಬಾಟಲಿಗೆ ಅರ್ಧ ನೀರು ತುಂಬಿ, ಮೈ ಸೋಪನ್ನು ಚೂರು ಹೆರೆದು ಹಾಕಿ ಅಲ್ಲಾಡಿಸಿ. ನೊರೆ ಬರದೆ ಮೊಸರಿನ ಗಸಿಯಂಥದ್ದು ತೇಲಿದರೆ ನೀರು ಗಡಸು. ಆ ಗಸಿ ಕಟ್ಟಿಸುವ ಲವಣವೇ ನೆಲದ ಮೇಲೂ ಕೂರುತ್ತಿರುವುದು.

ಇಲ್ಲಿ ಒಂದು ವಿಷಯ ಜೋರಾಗಿಯೇ ಹೇಳಬೇಕು. ಆರ್‌ಒ ಫಿಲ್ಟರಿನಿಂದ ಹೊರಬರುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸುವವರು ತುಂಬ ಜನ. ನೀರು ಉಳಿಸುವ ಆ ಮನಸ್ಸು ದೊಡ್ಡದು. ಆದರೆ ಫಿಲ್ಟರ್ ತೆಗೆದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ, ಅದು ನಲ್ಲಿ ನೀರಿಗಿಂತಲೂ ಗಡಸು. ಹೊಳಪಿನ ಟೈಲ್ಸ್‌ಗೆ ಅದು ಬೇಡ. ಟಾಯ್ಲೆಟ್‌ಗೆ ಸುರಿಯಲು, ಅಂಗಳ ತೊಳೆಯಲು ಇಟ್ಟುಕೊಳ್ಳಿ, ನೀರು ಅಲ್ಲೂ ಉಳಿಯುತ್ತದೆ.

ಪೊರೆ ಲವಣದ್ದೇ ಅಂತ ಖಾತ್ರಿ ಮಾಡಿಕೊಳ್ಳಲು, ಟೈಲ್ಸ್ ಅಥವಾ ಗ್ರಾನೈಟ್ ಮೇಲೆ ಒಂದು ಭಾಗ ವಿನೆಗರ್, ನಾಲ್ಕು ಭಾಗ ನೀರು ಬೆರೆಸಿ ಅಂಗೈಯಗಲ ಒರೆಸಿ, ಐದು ನಿಮಿಷಕ್ಕೆ ಬರೀ ನೀರಿನಲ್ಲಿ ತೆಗೆದು, ಒಣಬಟ್ಟೆಯಲ್ಲಿ ಉಜ್ಜಿ. ಅಲ್ಲಿ ಮಾತ್ರ ಹೊಳಪು ಬಂದರೆ ಉತ್ತರ ಸಿಕ್ಕಿತು, ಇಡೀ ನೆಲಕ್ಕೆ ಅದನ್ನೇ ಮಾಡಿ. ಆಮೇಲೆ ದಿನಾ ಒರೆಸಿದ ಕೂಡಲೇ ಫ್ಯಾನ್ ಗಾಳಿಗೆ ಬಿಡುವ ಬದಲು ಒಣಬಟ್ಟೆಯಲ್ಲಿ ಒಂದು ಸಲ ಎಳೆದುಬಿಡಿ. ನೀರೇ ನಿಲ್ಲದಿದ್ದರೆ ಲವಣವೂ ಉಳಿಯುವುದಿಲ್ಲ.

ವಿನೆಗರ್ ಹಾಕಿದರೂ ಬದಲಾವಣೆ ಇಲ್ಲವಾ, ಇಲ್ಲ ವಿನೆಗರ್ ಹಾಕಲೇಬಾರದ ಮಾರ್ಬಲ್, ಮೊಸಾಯಿಕ್ ನೆಲ ಮಂಕಾಗಿದೆಯಾ? ಹಿಂದೆ ಯಾರಾದರೂ ಆ್ಯಸಿಡ್ ಹಾಕಿದ್ದರಾ ವಿಚಾರಿಸಿ. ಆ್ಯಸಿಡ್ ತಿಂದ ಮಾರ್ಬಲ್, ಮೊಸಾಯಿಕ್ ಬೆರಳಿಗೆ ಒರಟಾಗಿ ಸಿಗುತ್ತದೆ. ಅದು ಕೊಳೆಯೇ ಅಲ್ಲ, ಹಾಗಾಗಿ ಯಾವ ಕ್ಲೀನರಿಗೂ ಹೋಗುವುದಿಲ್ಲ. ಮೊಸಾಯಿಕ್ ಪಾಲಿಶ್ ಮಾಡುವವರನ್ನು ಕರೆಸಿ ಮೆಷಿನ್ ಹಾಕಿಸುವುದೊಂದೇ ದಾರಿ.

ಆ್ಯಸಿಡ್ಡನ್ನು ಅಡುಗೆಮನೆ ಹೊಸಿಲು ದಾಟಿಸಬೇಡಿ. ಗೃಹಪ್ರವೇಶಕ್ಕೆ ಮೊದಲು ಸಿಮೆಂಟ್ ಕಲೆ ತೆಗೆಯಲು ಹಾಕುತ್ತಾರಲ್ಲ, ಅದೇ ಬಾಟಲಿ ಮನೆಯಲ್ಲಿ ಉಳಿದು ಕೊನೆಗೆ ಒಲೆ ಮುಂದೆ ಬರುತ್ತದೆ. ಅದರ ಹೊಗೆಗೆ ಸ್ಟೀಲ್ ಸಿಂಕು, ಕಬೋರ್ಡಿನ ಹಿಂಜ್ ಕೂಡ ತುಕ್ಕು ಹಿಡಿಯುತ್ತವೆ.

ಸಂದಿನ ಕಪ್ಪು

ಸಂದಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮೇಲೇ ನಿಂತರೆ ಕೊಳೆ ಮೇಲಿನದು. ಕ್ಷಣದಲ್ಲಿ ಒಳಗೆ ಇಂಗಿ ಗೆರೆ ಕಪ್ಪಾದರೆ ಕೊಳೆನೀರೂ ಹಾಗೇ ಇಂಗಿದೆ.

ಮೇಲಿನ ಕೊಳೆಗೆ ಅಡುಗೆ ಸೋಡಕ್ಕೆ ನೀರು ಬೆರೆಸಿ ಚಟ್ನಿ ಹದಕ್ಕೆ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ ಉಜ್ಜಿ. ಸಿಂಕಿನ ಹತ್ತಿರದ ಸಂದು ಬೂಸ್ಟು ಹಿಡಿದು ಕಪ್ಪಾಗಿದ್ದರೆ ತೆಳು ಮಾಡಿದ ಬ್ಲೀಚ್ ಬೇಕಾಗಬಹುದು. ಕಿಟಕಿ ತೆರೆದಿಟ್ಟುಕೊಳ್ಳಿ. ಮತ್ತು ಬ್ಲೀಚ್ ಜೊತೆ ವಿನೆಗರ್, ಆ್ಯಸಿಡ್, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಸೇರಿಸಬೇಡಿ. ಒಂದರ ಹಿಂದೆ ಒಂದು ಹಾಕುವುದೂ ಬೇಡ. ಕ್ಲೋರಿನ್ ಅನಿಲ ಏಳುತ್ತದೆ, ಚಿಕ್ಕ ಅಡುಗೆಮನೆಯಲ್ಲಿ ಅದು ಶ್ವಾಸಕ್ಕೆ ಅಪಾಯ. ಅಮೋನಿಯ ಇರುವ ಗಾಜಿನ ಕ್ಲೀನರ್ ಜೊತೆಗೂ ವಿಷದ ಗಾಳಿಯೇ. ಎರಡು ಬಾಟಲಿ ಸೇರಿಸಿದರೆ ಪವರ್ ಜಾಸ್ತಿ ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಒಳಗೆ ಇಂಗಿದ್ದರೆ ಉಜ್ಜಿ ಸುಸ್ತಾಗಬೇಡಿ. ಟೈಲ್ಸ್ ಕೆಲಸದವರಿಂದ ಹಳೇ ಸಿಮೆಂಟ್ ಕೆರೆಸಿ, ಎಪಾಕ್ಸಿ ಗ್ರೌಟ್ ತುಂಬಿಸಿ. ಅದು ನೀರು ಕುಡಿಯುವುದಿಲ್ಲ. ಖರ್ಚು ಜಾಸ್ತಿ. ಹಾಗಾಗಿ ಇಡೀ ಮನೆಗೆ ಮಾಡಿಸುವ ಬದಲು ಒಲೆ, ಸಿಂಕಿನ ಮುಂದಷ್ಟೇ ಮಾಡಿಸಿದರೂ ಸಾಕು.

ಚಿಕ್ಕಪುಟ್ಟ ದೂರುಗಳು

ಅರಿಸಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ, ಹೆದರಬೇಡಿ. ಸೋಪಿನ ಕ್ಷಾರಕ್ಕೆ ಅರಿಸಿನ ಹಾಗೆ ಬಣ್ಣ ಬದಲಿಸುತ್ತದೆ, ತೊಳೆದರೆ ಮತ್ತೆ ಹಳದಿ. ಅರಿಸಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ, ಹಾಗಾಗಿ ಕಿಟಕಿಯ ಬಿಸಿಲು ಬೀಳುವ ಜಾಗ ಆದರೆ ಕೆಲವು ದಿನ ಸುಮ್ನೆ ಬಿಡಿ.

ಒರೆಸಿದ ಮೇಲೆ ಹಳಸಲು ವಾಸನೆ ಬಂದರೆ ನೆಲವನ್ನು ದೂರಬೇಡಿ, ಬಟ್ಟೆಯನ್ನು ಮೂಸಿ ನೋಡಿ. ಒದ್ದೆ ಮಾಪನ್ನು ಬಕೆಟ್ಟಿನಲ್ಲೇ ಬಿಡುವ ಮನೆಗಳಲ್ಲಿ ಹೀಗಾಗುತ್ತದೆ. ಬಿಸಿಲಿಗೆ ಹರವಿ. ಬಚ್ಚಲು ಒರೆಸುವ ಬಟ್ಟೆ, ಅಡುಗೆಮನೆ ಬಟ್ಟೆ ಬೇರೆ ಬೇರೆ ಇರಲಿ. ಬಕೆಟ್ ಎರಡಿದ್ದರೆ ಇನ್ನೂ ಒಳ್ಳೆಯದು: ಒಂದರಲ್ಲಿ ಕೊಳೆ ಜಾಲಿಸಿ, ಇನ್ನೊಂದರಲ್ಲಿ ಅದ್ದಿ ಒರೆಸಿ.

ಇರುವೆ ಸಾಲು ಹಬ್ಬದ ಮರುದಿನ ಎಲ್ಲರ ಮನೆಯಲ್ಲೂ ಬರುತ್ತದೆ. ದಿನಾ ಒಂದೇ ಜಾಗಕ್ಕೆ ಬಂದರೆ ಅಲ್ಲಿ ಬೆಲ್ಲದ ಪಾಕ ಸಂದಿನೊಳಗೆ ಇಳಿದಿದೆ, ಬಿಸಿನೀರು ಹಾಕಿ ಅಲ್ಲಿ ಬ್ರಷ್ ಮಾಡಿ.

ಒರೆಸಿದರೆ ಹೋಗುವ ದೋಷವೇ ಅಲ್ಲದಿದ್ದರೆ

ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಜಾಗದಲ್ಲಿ ಬಿಳಿ ಪುಡಿ ಏಳುತ್ತಿದ್ದರೆ, ಆ ಟೈಲ್ಸ್ ಯಾವಾಗಲೂ ತಣ್ಣಗಿದ್ದರೆ, ತೇವ ಕೆಳಗಿನಿಂದ ಬರುತ್ತಿದೆ. ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ಇಡೀ ದಿನ ಬಿಡಿ. ತೆಗೆದಾಗ ಹಾಳೆಯ ಕೆಳಗಡೆ ಬೆವರಿದ್ದರೆ ತೇವ ನೆಲದೊಳಗಿನದು. ಮೇಲ್ಗಡೆ ಮಾತ್ರ ಒದ್ದೆ ಇದ್ದರೆ ಅಡುಗೆಮನೆಯ ಹಬೆ ಅಷ್ಟೇ, ಗಾಳಿಯಾಡಲು ದಾರಿ ಮಾಡಿ.

ತೇವ ಒಳಗಿನದಾದರೆ ಟೈಲ್ಸ್ ಕೀಳಿಸುವ ಮುಂಚೆ ನೀರಿನ ಪೈಪು ನೋಡಿ. ಮನೆಯ ಎಲ್ಲ ನಲ್ಲಿ ಬಂದ್ ಮಾಡಿ, ಮೇಲಿನ ಟ್ಯಾಂಕಿಗೆ ನೀರು ಬಿಡದೆ, ಮಟ್ಟಕ್ಕೆ ಗುರುತು ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಇಳಿದಿಲ್ಲ ಅಂದರೆ ಸಿಂಕಿನ ಹೊರಹೋಗುವ ಪೈಪು ಬಾಕಿ. ಸಿಂಕಿಗೆ ಅಡ್ಡ ಕೊಟ್ಟು ತುಂಬ ನೀರು ತುಂಬಿಸಿ, ಒಂದೇ ಸಲ ಬಿಟ್ಟು, ಕೆಳಗೆ ಒಣ ಪೇಪರ್ ಹಾಸಿ ನೋಡಿ. ಪೇಪರ್ ಮೇಲೆ ಬಿದ್ದ ಹನಿ ಯಾವ ಜಾಯಿಂಟಿನ ನೇರಕ್ಕೆ ಇದೆ ಅಂತ ಗುರುತು ಮಾಡಿಟ್ಟು ಪ್ಲಂಬರಿಗೆ ತೋರಿಸಿ. ಇಷ್ಟು ವಿವರ ಕೈಯಲ್ಲಿದ್ದರೆ ಅವರು ಗೋಡೆ ಒಡೆಯುವ ಮಾತಿನಿಂದ ಶುರು ಮಾಡುವುದಿಲ್ಲ.